ಡೊಳ್ಳು ಮೊದಲು ಊರಿಗೆ ಹೋಯಿತು

ಡರ್ಬಿಯಲ್ಲಿ ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸವಾಗಿತ್ತು. ಟರ್ಬೈನ್ ಬ್ಲೇಡುಗಳನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡುವುದು, ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುವುದು. ಕೆಂಪು ಚೀಟಿ ಅಂಟಿದ ಬ್ಲೇಡನ್ನು ದೊಡ್ಡ ಮ್ಯಾನೇಜರ್ ಕೂಡ ಮುಟ್ಟುವಂತಿರಲಿಲ್ಲ. ಜೀವಮಾನವಿಡೀ ಹಾಗೆ ಬದುಕಿದವನು ನಿವೃತ್ತನಾಗಿ, ಮಗಳು ಕೆಲಸ ಮಾಡುವ ಸಾಲ್ಫರ್ಡಿಗೆ ಬಂದು ಫ್ಲ್ಯಾಟಿನಲ್ಲಿ ಕೂತಾಗ ಮನೆಯೊಳಗೇ ಬಿರುಕು ಹುಡುಕತೊಡಗಿದೆ. ಹೆಂಡತಿ ಮೂವತ್ತು ವರ್ಷ ಜಿಪಿಯಾಗಿ, ಅಂದರೆ ಬಡಾವಣೆಯ ಸರಕಾರಿ ದವಾಖಾನೆಯ ಡಾಕ್ಟರಾಗಿ ದುಡಿದು ಆಗಷ್ಟೇ ಬಿಡುವಾಗಿದ್ದಳು. ಅವಳ ತಾಳ್ಮೆ ಒಂದು ಚಳಿಗಾಲ ಬಾಳಿತು.

"ನನ್ನ ರೊಟ್ಟಿ ತಪಾಸಣೆ ಮಾಡೋದು ಸಾಕ್ರೀ. ಹೊರಗ ಎಲ್ಲ್ಯರ ಹೋಗಿ ಮಾಡ್ರಿ," ಎಂದಳು.

ಲೈಬ್ರರಿಯ ಗೋಡೆಯ ಮೇಲೆ ಅಂಥದ್ದೇ ಒಂದು ಕೆಲಸ ಅಂಟಿಸಿತ್ತು. ವಿಮಾನ ನಿಲ್ದಾಣದ ಬದಿಯಲ್ಲಿರುವ ವಲಸೆ ಬಂಧನ ಕೇಂದ್ರವೊಂದಕ್ಕೆ ಸ್ವಯಂಸೇವಕ ನಿರೀಕ್ಷಕರು ಬೇಕಾಗಿದ್ದಾರೆ, ಸಂಬಳವಿಲ್ಲ, ಟ್ರಾಮಿನ ಖರ್ಚು ಕೊಡಲಾಗುವುದು ಎಂದಿತ್ತು. ಅರ್ಜಿ ಹಾಕಿದೆ. ಸಂದರ್ಶನದಲ್ಲಿ ನನ್ನ ಕೆಂಪು ಚೀಟಿಯ ಅನುಭವವನ್ನು ವಿವರವಾಗಿ ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದರ ಅರ್ಥ ನನಗೆ ಆಮೇಲೆ ಆಯಿತು.

ಆ ಕೇಂದ್ರ ಜೈಲಲ್ಲ. ಈ ದೇಶದಲ್ಲಿ ಇರಲು ಕಾಗದಪತ್ರ ಇಲ್ಲದವರನ್ನು ಹೊರಗೆ ಕಳಿಸುವವರೆಗೆ ಕೂಡಿಹಾಕುವ ಜಾಗ. ಜೈಲಿಗೆ ಹೋದವನಿಗೆ ಬಿಡುಗಡೆಯ ದಿನ ಗೊತ್ತಿರುತ್ತದೆ. ಇಲ್ಲಿಯವರಿಗೆ ಗೊತ್ತಿರುವುದಿಲ್ಲ, ಕಾನೂನು ಅದಕ್ಕೆ ಗಡುವು ಹಾಕಿಲ್ಲ. ಅವರನ್ನು ಕೈದಿಗಳು ಎನ್ನಬಾರದು, ನಿವಾಸಿಗಳು ಎನ್ನಬೇಕು. ಬೀಗ ಹಾಕಿದ ಕೋಣೆಗೆ ರೂಮು ಎನ್ನಬೇಕು. ಅಂಗಳದ ಮೇಲೆ ತಂತಿಯ ಬಲೆ ಕಟ್ಟಿದೆ, ಒದ್ದ ಫುಟ್‌ಬಾಲುಗಳು ಅದರಲ್ಲಿ ಸಿಕ್ಕಿಕೊಂಡು ಹಾಗೇ ಸೊರಗುತ್ತವೆ. ಅದರಾಚೆ ಕೈಗೆ ಸಿಗುವಷ್ಟು ತಗ್ಗಿನಲ್ಲಿ ವಿಮಾನಗಳು ಏರುತ್ತವೆ. ಅವುಗಳಲ್ಲಿ ಕೆಲವುಗಳ ಬ್ಲೇಡುಗಳನ್ನು ನಾನೇ ಪಾಸು ಮಾಡಿರಬೇಕು.

ನಮಗೆ ಬೀಗದ ಕೈ ಕೊಡುತ್ತಾರೆ. ಎಲ್ಲಿ ಬೇಕಾದರೂ ಹೋಗಬಹುದು, ಯಾರನ್ನು ಬೇಕಾದರೂ ಮಾತಾಡಿಸಬಹುದು. ಕಂಡದ್ದನ್ನು ವಾರದ ವರದಿಯಲ್ಲಿ ಬರೆಯಬಹುದು. ಅಷ್ಟೇ. ಕೆಂಪು ಚೀಟಿ ಇಲ್ಲ. ಅದರ ಬದಲಿಗೆ ಇರುವುದು ಒಂದು ವಾಕ್ಯ: 'ಕಳವಳದಿಂದ ಗಮನಿಸಲಾಗಿದೆ'. ಸೇರಿದ ಹೊಸದರಲ್ಲಿ, ರೂಮೊಂದರ ಕಿಟಕಿ ತೆರೆಯುವುದಿಲ್ಲ, ಒಳಗಿನವನಿಗೆ ಉಸಿರು ಕಟ್ಟುತ್ತಿದೆ ಎಂದು ಕಳವಳದಿಂದ ಗಮನಿಸಿದೆ. ಕೆಲವು ವಾರಗಳಲ್ಲಿ ಉತ್ತರ ಬಂತು: ಸದರಿ ಕಿಟಕಿಯನ್ನು ಪರಿಶೀಲಿಸಲಾಗಿದ್ದು ಅದು ತೆರೆಯುವುದಿಲ್ಲ ಎಂಬುದು ಖಚಿತಪಟ್ಟಿದೆ. ಅದರ ಕೆಳಗೆ ನನಗೆ ಧನ್ಯವಾದ ಹೇಳಿದ್ದರು.

ಹೀಗೆ ಹೋಗಿ ಬರುತ್ತಿದ್ದ ಒಂದು ಮಂಗಳವಾರ ಕಾರಿಡಾರಿನಲ್ಲಿ ಸಿಕ್ಕಿದ ಅಧಿಕಾರಿಯೊಬ್ಬ, ಕೆಟ್ಟವನಲ್ಲ, ನನ್ನನ್ನು ನೋಡಿ ನಕ್ಕು, "ಹೊಸಬ ಒಬ್ಬ ಬಂದಿದ್ದಾನೆ, ಕೆನಡಾದವನು. ಬಹಳ ಮರ್ಯಾದಸ್ಥ. ಆದರೆ ಇಂಗ್ಲಿಷ್ ಒಂದು ಅಕ್ಷರ ಬರುವುದಿಲ್ಲ," ಎಂದ.

ಬಟ್ಟೆ ಒಗೆಯುವ ಕೋಣೆಯ ಹೊರಗೆ, ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದವರು ಐವತ್ತು ದಾಟಿದವರು. ಕಪ್ಪು ಮೀಸೆ, ಕೇಂದ್ರದವರು ಕೊಟ್ಟ ಬೂದು ಬಣ್ಣದ ಟ್ರ್ಯಾಕ್‌ಸೂಟು. ಕೆನಡಾದವರು ಹೀಗೆ ಕೂರುವುದನ್ನು ನಾನು ಕಂಡಿರಲಿಲ್ಲ. ಅವರು ಮಂಡಿಗೆ ಕೈಯೂರಿ ಏಳುತ್ತ ಮೆಲ್ಲಗೆ, "ಯಪ್ಪಾ ಬೀರಪ್ಪಾ," ಎಂದರು.

"ಯಾವೂರ್ರೀ ನಿಮ್ದು?" ಎಂದೆ.

ಯಾರು ಮಾತಾಡಿದ್ದೆಂದು ಅವರು ಮೊದಲು ಹಿಂದೆ ತಿರುಗಿ ನೋಡಿದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಹಳ ಮರುಕದಿಂದ, "ನಮ್ದು ಹಾವೇರಿ ಕಡೆರೀ. ನೀವು ಹೆಂಗ್ ಸಿಕ್ಕೊಂಡ್ರಿ ಇಲ್ಲಿ?" ಎಂದರು.

"ನಾ ಸಿಕ್ಕೊಂಡಿಲ್ರೀ. ನೋಡಾಕ ಬಂದೀನಿ."

"ಏನ್ ನೋಡಾಕ್ರೀ?"

ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತೆವು.

ಅವರು ಡೊಳ್ಳು ಕುಣಿತದವರು. ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ರಾಜ್ಯೋತ್ಸವಕ್ಕೆ ಹನ್ನೆರಡು ಜನರ ಮೇಳದಲ್ಲಿ ಬಂದಿದ್ದರು. ಕಾರ್ಯಕ್ರಮ ಮುಗಿದ ಮರುದಿನ ಹೊಟ್ಟೆನೋವು ಶುರುವಾಗಿ ಆಸ್ಪತ್ರೆ ಸೇರಿದರು. ಅಪೆಂಡಿಕ್ಸ್ ಒಡೆದಿತ್ತು. ಆಪರೇಷನ್ ಆಯಿತು, ಸೋಂಕಾಯಿತು, ಇಷ್ಟು ದಿನ ವಿಮಾನ ಹತ್ತಕೂಡದು ಎಂದರು. ಅಷ್ಟರಲ್ಲಿ ಮೇಳ ಊರಿಗೆ ಹೊರಟಿತ್ತು. ಮೇಳದ ಮ್ಯಾನೇಜರು ಎಲ್ಲರ ಪಾಸ್‌ಪೋರ್ಟುಗಳನ್ನು ಒಂದೇ ಕೈಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ, ಕಳೆಯಬಾರದೆಂದು. ಗಡಿಬಿಡಿಯಲ್ಲಿ ಕೈಚೀಲ ಇವರ ಪಾಸ್‌ಪೋರ್ಟಿನ ಸಮೇತ ಹಾವೇರಿಗೆ ಹೋಯಿತು. ಕಳೆಯಲಿಲ್ಲ, ಅದು ನಿಜ.

ಬರ್ಮಿಂಗ್‌ಹ್ಯಾಮಿನ ಕನ್ನಡದ ಡಾಕ್ಟರ್ ದಂಪತಿ ಇವರನ್ನು ಮನೆಗೆ ಕರೆದೊಯ್ದು ಗಂಜಿ ಕುಡಿಸಿ ಎದ್ದು ನಿಲ್ಲುವಂತೆ ಮಾಡಿದರು. ಅಷ್ಟು ಹೊತ್ತಿಗೆ ವೀಸಾ ಮುಗಿದಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸರಕಾರದವರೇ ದಾರಿ ತೋರಿಸುತ್ತಾರೆ ಎಂದು ಯಾರೋ ಹೇಳಿದರು. ಡಾಕ್ಟರು ಇವರನ್ನು ಕಾರಿನಲ್ಲಿ ಕೂರಿಸಿಕೊಂಡು ವಲಸೆ ಕಚೇರಿಗೆ ಹೋದರು. ಡೊಳ್ಳೂ ಜೊತೆಗೆ ಹೋಯಿತು, ಏಕೆಂದರೆ ಅದನ್ನು ಇವರು ಮೇಳದವರ ಕೈಗೆ ಕೊಟ್ಟಿರಲಿಲ್ಲ.

"ಊರಿಗೆ ಕಳಸ್ತಾರ ಅಂದ್ರು. ಡೊಳ್ಳು ಬಿಟ್ಟು ಹೆಂಗ್ ಹೋಗ್ಲಿ ಅಂತ ಹೊತ್ಕೊಂಡು ಹ್ವಾದೆ," ಎಂದರು. "ಒಳಗ ಕರದ್ರು. ಡಾಕ್ಟರ್ ಸಾಹೇಬ್ರು ಬುತ್ತಿ ಹಿಡಕೊಂಡು ಹೊರಗ ಕುಂತಿದ್ರು. ಹಿಂದಿನ ಬಾಗಲದಾಗ ಗಾಡಿ ನಿಂತಿತ್ತು. ವಿಮಾನಕ್ಕ ಹೊಕ್ಕೈತಿ ಅನಕೊಂಡು ಹತ್ತಿದೆ. ವಿಮಾನದ ಬಾಜೂಕ ಬಂತು, ವಿಮಾನಕ್ಕ ಬರಲಿಲ್ಲ."

ವೀಸಾ ಮುಗಿದಿದೆ, ಆದ್ದರಿಂದ ದೇಶ ಬಿಡಿಸಬೇಕು. ದೇಶ ಬಿಡಿಸಬೇಕು, ಆದ್ದರಿಂದ ಬಂಧಿಸಬೇಕು. ಪಾಸ್‌ಪೋರ್ಟ್ ಇಲ್ಲ, ಆದ್ದರಿಂದ ದೇಶ ಬಿಡಿಸಲಾಗದು. ಪ್ರತಿಯೊಂದು ಮೆಟ್ಟಿಲೂ ನೇರವಾಗಿತ್ತು. ನಾನು ತಪಾಸಣೆಯವನು, ಬಿರುಕು ಎಲ್ಲಿ ಎಂದು ಹುಡುಕಿದೆ. ಒಂದೊಂದನ್ನೇ ನೋಡಿದರೆ ಎಲ್ಲೂ ಇರಲಿಲ್ಲ.

ಕಾರಿಡಾರಿನ ಅಧಿಕಾರಿಯ ಬಳಿ ಹೋಗಿ, "ಅವರು ಕೆನಡಾದವರಲ್ಲ. ಭಾರತದವರು. ಅವರ ಭಾಷೆ ಕನ್ನಡ," ಎಂದೆ.

"ಹೌದು ಸರ್, ನಮ್ಮ ಕಂಪ್ಯೂಟರಿನಲ್ಲೂ ಅದೇ ಇದೆ. ಕೆನಡಾ."

ಈ ತಮಾಷೆ ನಮಗೇನೂ ಹೊಸದಲ್ಲ. ಈ ದೇಶಕ್ಕೆ ಬಂದ ಪ್ರತಿಯೊಬ್ಬ ಕನ್ನಡಿಗನೂ ಪಾರ್ಟಿಗಳಲ್ಲಿ ಹೇಳಿ ಕೇಳಿ ಹಳಸಿದ್ದು. ಆದರೆ ಆ ತಮಾಷೆ ಒಬ್ಬ ಮನುಷ್ಯನನ್ನು ಹಿಡಿದು ಕೂರಿಸಿದ್ದನ್ನು ನಾನು ನೋಡಿದ್ದು ಅವತ್ತೇ. ಭಾಷೆ ಮತ್ತು ದೇಶ ಬೇರೆ ಬೇರೆ ಎಂದು ವಿವರಿಸಿದೆ. ಆತ ಗಮನವಿಟ್ಟು ಕೇಳಿ, "ನೀವು ಅದನ್ನು ವರದಿಯಲ್ಲಿ ಹಾಕುವುದು ಒಳ್ಳೆಯದು," ಎಂದ.

ಹಾಕಿದೆ. ವರದಿ ಮೇಲೆ ಹೋಗಿ ಕೆಳಗೆ ಬರುವ ಮೊದಲೇ ಅವರ ವಿಚಾರಣೆ ಬಂತು. ನಿರೀಕ್ಷಕನಾಗಿ ಮೂಲೆಯ ಕುರ್ಚಿಯಲ್ಲಿ ಕೂತು ನೋಡುವ ಹಕ್ಕು ನನಗಿತ್ತು. ಬಾಯಿ ತೆರೆಯುವ ಹಕ್ಕಿರಲಿಲ್ಲ. ಮೇಜಿನ ಮೇಲೆ ಫೋನು, ಫೋನಿನಲ್ಲಿ ದುಭಾಷಿ. ವಲಸೆ ಇಲಾಖೆಯ ಅಧಿಕಾರಿಣಿ ಮೊದಲ ಪ್ರಶ್ನೆ ಕೇಳಿದಳು. ಫೋನಿನಿಂದ ಒಬ್ಬ ಹೆಂಗಸು ಬಹಳ ಇಂಪಾಗಿ ಫ್ರೆಂಚಿನಲ್ಲಿ ಮಾತಾಡಿದಳು.

ಡೊಳ್ಳಿನವರು ಫೋನಿಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಈ ಅಕ್ಕ ಏನ್ ಹೇಳಾಕತ್ತಾಳ್ರೀ?" ಎಂದರು.

"ನಿರೀಕ್ಷಕರ ಜೊತೆ ಮಾತಾಡಬಾರದು ಎಂದು ಅವರಿಗೆ ತಿಳಿಸಿ," ಎಂದಳು ಅಧಿಕಾರಿಣಿ. ಫೋನಿನ ಹೆಂಗಸು ಅದನ್ನೂ ಫ್ರೆಂಚಿನಲ್ಲಿ ತಿಳಿಸಿದಳು.

ನನಗೆ ತಡೆಯಲಾಗಲಿಲ್ಲ. "ಅದು ಫ್ರೆಂಚ್," ಎಂದೆ ಇಂಗ್ಲಿಷಿನಲ್ಲಿ.

"ಗೊತ್ತು," ಎಂದಳು ಆಕೆ ಸಮಾಧಾನದಿಂದ. "ಕೆನಡಾದಲ್ಲಿ ಎರಡು ಭಾಷೆ. ಇಂಗ್ಲಿಷ್ ಬರುವುದಿಲ್ಲ ಎಂದ ಮೇಲೆ ಇನ್ನೊಂದನ್ನು ಹಾಕಿದ್ದೇವೆ."

ಫೋನಿನ ಹೆಂಗಸಿಗೇ ಕೊನೆಗೆ ಬೇಸರವಾಗಿ, ಈ ಮನುಷ್ಯನ ಉಚ್ಚಾರಣೆ ತನ್ನ ಸೀಮೆಯದಲ್ಲ, ಬೇರೆ ಪ್ರಾಂತದ್ದಿರಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನಿಟ್ಟಳು. ವಿಚಾರಣೆ ಮುಂದಕ್ಕೆ ಹೋಯಿತು.

ಅವರ ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣದಲ್ಲಿ ದೇವರ ಭಂಡಾರ ಇತ್ತು, ಹಣೆಗೆ ಹಚ್ಚುವ ಅರಿಸಿನ ಪುಡಿ. ಅದನ್ನು ಪರೀಕ್ಷೆಗೆ ಕಳಿಸಿದ್ದರು. ಡೊಳ್ಳನ್ನು ಸಾಮಾನಿನ ಕೋಣೆಯಲ್ಲಿ ಇಟ್ಟಿದ್ದರು. ಡೊಳ್ಳಿನ ಕಥೆ ಮಾತ್ರ ಬೇರೆಯೇ ದಾರಿ ಹಿಡಿಯಿತು. ಮೇಳದ ವಾದ್ಯಗಳನ್ನು ಈ ದೇಶಕ್ಕೆ ತಂದಾಗ ಕಸ್ಟಮ್ಸಿನವರ ಹತ್ತಿರ ಕಾಗದ ಮಾಡಿಸಿದ್ದರು, ಇಷ್ಟು ಡೊಳ್ಳು ತಾತ್ಕಾಲಿಕವಾಗಿ ಬರುತ್ತವೆ, ಇಂಥ ತಾರೀಖಿನೊಳಗೆ ವಾಪಸು ಹೋಗುತ್ತವೆ ಎಂದು. ಒಂದು ಡೊಳ್ಳು ಹೋಗಿಲ್ಲ ಎಂದು ಕಸ್ಟಮ್ಸಿನವರು ಹುಡುಕಿಕೊಂಡು ಬಂದರು. ಡೊಳ್ಳಿಗೆ ಹೆಸರಿತ್ತು, ನಂಬರಿತ್ತು, ಗಡುವಿತ್ತು, ಫೋನು ಎತ್ತುವ ಒಬ್ಬ ಅಧಿಕಾರಿಯಿದ್ದ. ಒಂದು ಬೆಳಿಗ್ಗೆ ಇಬ್ಬರು ಕೈಗವಸು ಹಾಕಿಕೊಂಡು ಬಂದು ಅದನ್ನು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ 'ನಾಜೂಕು' ಎಂದು ಬರೆದು ಒಯ್ದರು.

ಡೊಳ್ಳಿನವರು ಅಂಗಳದ ಬಾಗಿಲಲ್ಲಿ ನಿಂತು ನೋಡಿದರು. "ಎಲ್ಲಿಗೆ ಒಯ್ಯಾಕತ್ತಾರ್ರೀ?"

"ಬೆಂಗಳೂರಿಗೆ. ಅಲ್ಲಿಂದ ನಿಮ್ಮೂರಿಗೆ," ಎಂದೆ.

"ನಾ ಬರಲಾರದ ಡೊಳ್ಳು ಒಂದ ಹ್ವಾದ್ರ ಮನ್ಯಾಗ ಏನ್ ತಿಳ್ಕೊಂತಾರ್ರೀ?"

ಅದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ತಿಳಿಯಿತು, ಡೊಳ್ಳು ಮನೆ ತಲುಪಿದ ದಿನ ಅವರ ಹೆಂಡತಿ ಹೊಸ್ತಿಲಲ್ಲೇ ಕೂತು ಅತ್ತಳಂತೆ. ಕೇಂದ್ರದಲ್ಲಿ ಕೊಡುವ ಫೋನಿನಿಂದ ಇವರು ಕರೆ ಮಾಡಿ, "ಇದೀನಿ, ಗಟ್ಟಿ ಇದೀನಿ, ಡೊಳ್ಳಿನ ಕಾಗದ ಛಲೋ ಇದ್ದವು, ಅದಕ್ಕ ಅದು ಮುಂಚೇಕ ಬಂತು," ಎಂದು ವಿವರಿಸಿದರೂ ಆಕೆ ವಿಡಿಯೋದಲ್ಲಿ ಮುಖ ನೋಡದೆ ನಂಬಲಿಲ್ಲ. ವಿಡಿಯೋ ಕರೆಗೆ ಅಲ್ಲಿ ಸರದಿ ಹಿಡಿಯಬೇಕಾಗಿತ್ತು.

ಅವರ ಪಕ್ಕದ ರೂಮಿನಲ್ಲಿ ಲೀಡ್ಸಿನ ಒಬ್ಬ ಇದ್ದ. ಮೂರು ವರ್ಷದ ಮಗುವಾಗಿ ಈ ದೇಶಕ್ಕೆ ಬಂದವನು, ಈಗ ನಲವತ್ತರ ಹತ್ತಿರ. ಅಪ್ಪಟ ಲೀಡ್ಸಿನ ಮಾತು, ಅಲ್ಲಿನ ಫುಟ್‌ಬಾಲ್ ತಂಡದ ಹಚ್ಚೆ. ಅವನ ಹೆಂಡತಿ ಮಕ್ಕಳು ಲೀಡ್ಸಿನಲ್ಲೇ. ಹುಟ್ಟಿದ ದೇಶಕ್ಕೆ ಕಳಿಸುತ್ತೇವೆ ಎಂದು ಅವನನ್ನು ತಂದಿದ್ದರು, ಆ ದೇಶದ ಭಾಷೆ ಅವನಿಗೆ ಬಾರದು. ಅವನ ವಿಚಾರಣೆಗೆ ಮಾತ್ರ ಆ ಭಾಷೆಯ ದುಭಾಷಿ ಮೊದಲ ದಿನವೇ ಸಿಕ್ಕಿದ್ದ. "ನನಗೆ ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ಅವನು ಸಮಯಕ್ಕೆ ಸರಿಯಾಗಿ ಬಂದ," ಎಂದು ನನಗೆ ಹೇಳಿ ನಕ್ಕ. ಇವರಿಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ದಿನವಿಡೀ ಜೊತೆಗೆ ಕೂತಿರುತ್ತಿದ್ದರು. ಒಬ್ಬರು ಹೋಗಬೇಕೆನ್ನುವವರು, ಇನ್ನೊಬ್ಬ ಇರಬೇಕೆನ್ನುವವನು.

ಕೇಂದ್ರದಲ್ಲಿ ಊಟದ ಮೇಜಿನ ಮೇಲೆ ಬಡಿಯುವುದು ನಿಷಿದ್ಧ. ಇವರು ಬೆರಳಲ್ಲಿ ಬಡಿದದ್ದಕ್ಕೆ ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು. ಅಂಥದ್ದರಲ್ಲಿ ಮಾನಸಿಕ ಆರೋಗ್ಯ ಸಪ್ತಾಹ ಬಂತು. ಹೊರಗಿನಿಂದ ಬಂದ ಹುಡುಗಿಯೊಬ್ಬಳು ಎಲ್ಲರಿಗೂ ಪ್ಲಾಸ್ಟಿಕ್ ಬಕೆಟ್ಟು ಹಂಚಿ, ಮನಸ್ಸಿನ ಭಾರ ಇಳಿಯುವಂತೆ ಬಡಿಯಿರಿ ಎಂದಳು. ಇವರು ನನ್ನ ಮುಖ ನೋಡಿದರು. ಬಡಿಯಬಹುದು ಎಂದು ತಲೆಯಾಡಿಸಿದೆ. ಇವರು ಬಕೆಟ್ಟನ್ನು ಟ್ರ್ಯಾಕ್‌ಸೂಟಿನ ದಾರಕ್ಕೆ ಕಟ್ಟಿಕೊಂಡರು. ಮೊದಲು ಮೆಲ್ಲಗೆ, ಆಮೇಲೆ ನಡು ಬಗ್ಗಿಸಿ, ಕಾಲು ಎತ್ತಿ. ಲೀಡ್ಸಿನವನು ಹಿಂದೆ ಸೇರಿಕೊಂಡ. ಅವನ ಹಿಂದೆ ಇನ್ನಷ್ಟು ಜನ. ಅಂಗಳದಲ್ಲಿ ದೊಡ್ಡ ವೃತ್ತ ತಿರುಗತೊಡಗಿತು. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಮೇಲಿನ ಕ್ಯಾಮೆರಾದಲ್ಲಿ ನೋಡುತ್ತಿದ್ದವನು ಅದನ್ನು ದಂಗೆ ಎಂದುಕೊಂಡು ಅಲಾರಂ ಒತ್ತಿದ. ಹೆಲ್ಮೆಟ್ಟು ಹಾಕಿದವರು ಓಡಿ ಬಂದು ಬಕೆಟ್ಟುಗಳನ್ನು ವಶಪಡಿಸಿಕೊಂಡರು. ಸಪ್ತಾಹದ ಉಳಿದ ದಿನಗಳಲ್ಲಿ ಬಣ್ಣ ಹಚ್ಚುವ ಚಿತ್ರ ಕೊಟ್ಟರು.

ಮರುವಾರ ನಾನು ಹೋದಾಗ ಲೀಡ್ಸಿನವನ ರೂಮು ಖಾಲಿಯಾಗಿತ್ತು. ಹಿಂದಿನ ದಿನ ವಿಮಾನ ಹತ್ತಿಸಿದ್ದರು. ಡೊಳ್ಳಿನವರು ಆ ಬಾಗಿಲ ಹೊರಗೆ ಕೂತಿದ್ದರು. "ಅಂವನ್ನ ಒಯ್ಯುವಾಗ ನಂಗೂ ಸೀಟ್ ಐತೇನಂತ ಕೇಳಿದೆ, ಕೈ ಸನ್ನಿ ಮಾಡಿ," ಎಂದರು. "ಅಂವ ಅಳಾಕತ್ತಿದ್ದ. ನನ್ನ ಸೀಟ್ ಅಂವಗ, ಅಂವನ ಸೀಟ್ ನಂಗ ಬಂದಂಗ ಆತು ನೋಡ್ರಿ." ಆ ವಾರದ ವರದಿಯಲ್ಲಿ ಏನು ಗಮನಿಸಬೇಕೆಂದು ನನಗೆ ತಿಳಿಯಲಿಲ್ಲ.

ಈ ನಡುವೆ ಹಾವೇರಿಯ ಮ್ಯಾನೇಜರು ಪಾಸ್‌ಪೋರ್ಟನ್ನು ಕೊರಿಯರಿನಲ್ಲಿ ಕಳಿಸಿದ್ದರು. ಅದು ಕೇಂದ್ರಕ್ಕೆ ಬಂದು ಮುಟ್ಟಿತು. ಕೇಂದ್ರದಲ್ಲಿ ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಅಧಿಕಾರವಿಲ್ಲವಾದ್ದರಿಂದ ಇಲಾಖೆಗೆ ಕಳಿಸಿದರು. ಇಲಾಖೆ ಅದನ್ನು ಜೋಪಾನವಾಗಿ ಎಲ್ಲೋ ಇಟ್ಟಿತು. ಎಲ್ಲಿ ಎಂಬುದು ಯಾರಿಗೂ ಗೊತ್ತಾಗದಷ್ಟು ಜೋಪಾನವಾಗಿ. ಪಾಸ್‌ಪೋರ್ಟ್ ಇಲ್ಲದ ಈ ವ್ಯಕ್ತಿ ಭಾರತೀಯನೇ ಎಂದು ತಿಳಿಸಿ ಎಂದು ಅದೇ ಇಲಾಖೆ ಭಾರತದ ಕಾನ್ಸುಲೇಟಿಗೆ ಬರೆಯಿತು.

ಕೊನೆಗೆ ನನ್ನ ವರದಿಗೆ ಫಲ ಸಿಕ್ಕಿತು. ಎರಡನೆಯ ವಿಚಾರಣೆಗೆ ನಿಜವಾದ ಕನ್ನಡದ ದುಭಾಷಿಯನ್ನು ಗೊತ್ತುಮಾಡಿದರು. ನಾನು ಮೂಲೆಯ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂತೆ. ಫೋನಿನಲ್ಲಿ ಬಂದವರು ಓದಿಕೊಂಡವರು, ತೂಕದ ದನಿ.

"ನಮಸ್ಕಾರ. ತಾವು ಸ್ವಯಂಪ್ರೇರಿತ ನಿರ್ಗಮನಕ್ಕೆ ಸಮ್ಮತಿಸುತ್ತೀರಾ ಎಂದು ಮಾನ್ಯ ಅಧಿಕಾರಿಗಳು ಪ್ರಶ್ನಿಸುತ್ತಿದ್ದಾರೆ."

ಡೊಳ್ಳಿನವರು ಫೋನಿನ ಹತ್ತಿರ ಬಗ್ಗಿದರು. "ಏನಂದ್ರಿ?"

ದುಭಾಷಿ ಅದನ್ನೇ ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಶುದ್ಧವಾಗಿ ಹೇಳಿದರು.

"ಸಾಹೇಬ್ರ, ಹಿಂಗ ಪುರಾಣ ಹೇಳಿದಂಗ ಹೇಳಿದ್ರ ನಂಗ ತಿಳೀವಲ್ದು. ನಂಗ ಯಾರೂ ಏನೂ ಪ್ರೇರಣೆ ಮಾಡಿಲ್ರಿ."

ಫೋನು ಒಂದು ಕ್ಷಣ ಯೋಚಿಸಿತು. ಆಮೇಲೆ ಇಂಗ್ಲಿಷಿನಲ್ಲಿ, "ತಾವು ಧರ್ಮಗ್ರಂಥ ಪಠಿಸುತ್ತಿರುವುದೇಕೆ ಎಂದು ಕೇಳುತ್ತಿದ್ದಾರೆ. ತಮಗೆ ಯಾವ ಪ್ರೇರಣೆಯೂ ಇಲ್ಲ ಎನ್ನುತ್ತಿದ್ದಾರೆ," ಎಂದಿತು.

"ಅಂದರೆ ಹೋಗಲು ಒಪ್ಪುವುದಿಲ್ಲ," ಎಂದಳು ಅಧಿಕಾರಿಣಿ. ಟೈಪು ಮಾಡತೊಡಗಿದಳು. ಸ್ವಂತ ಇಚ್ಛೆಯಿಂದ ಹೋಗಲು ನಿರಾಕರಿಸಿದ್ದಾರೆ, ಸಹಕರಿಸುತ್ತಿಲ್ಲ.

ನಾನು ಎದ್ದು ನಿಂತಿದ್ದೆ. "ಊರಿಗೆ ಹೊಕ್ಕೀರೇನು ಅಂತ ಕೇಳಾಕತ್ತಾರ್ರೀ," ಎಂದೆ.

ಡೊಳ್ಳಿನವರೂ ಎದ್ದರು. "ಹೊಕ್ಕೇನ್ರಿ. ಇದನ್ನ ಕೇಳಾಕ ಇಷ್ಟ್ ದಿನ ಬೇಕಾತೇನ್ರಿ? ಈಗ ಹೊಕ್ಕೇನಿ." ಅವರು ಆಗಲೇ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ್ದರು.

ವಿಚಾರಣೆ ಅಲ್ಲಿಗೆ ನಿಂತಿತು. ನಿರೀಕ್ಷಕ ಮಧ್ಯೆ ಬಾಯಿ ಹಾಕಿದ್ದರಿಂದ ಇಡೀ ವಿಚಾರಣೆ ಅಸಿಂಧು ಎಂದರು. ಒಪ್ಪುವುದಿಲ್ಲ ಎಂದದ್ದೂ ಲೆಕ್ಕಕ್ಕಿಲ್ಲ, ಹೋಗುತ್ತೇನೆ ಎಂದದ್ದೂ ಲೆಕ್ಕಕ್ಕಿಲ್ಲ. ಹೊಸ ತಾರೀಖು ಕೊಡಲಾಗುವುದು.

ನಮ್ಮ ನಿರೀಕ್ಷಕರ ಮಂಡಳಿಯ ಅಧ್ಯಕ್ಷೆ ನನ್ನನ್ನು ಚಹಾಕ್ಕೆ ಕರೆದರು. ಹಿಂದೆ ಮ್ಯಾಜಿಸ್ಟ್ರೇಟ್ ಆಗಿದ್ದವರು, ನಿಜಕ್ಕೂ ಸಜ್ಜನರು. ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳಿ, ನನ್ನ ಮೇಲೆ ದೂರು ಬಂದಿದೆ ಎಂದರು.

"ಒಂದೇ ವಾಕ್ಯ ಹೇಳಿದೆ," ಎಂದೆ.

"ಅವರ ಭಾಷೆಯಲ್ಲಿ ಹೇಳಿದಿರಿ."

"ಇಂಗ್ಲಿಷಿನಲ್ಲಿ ಹೇಳಿದ್ದರೆ?"

"ಆಗ ಅದು ನಿಮ್ಮ ಅಭಿಪ್ರಾಯ ಆಗುತ್ತಿತ್ತು. ಅದಕ್ಕೆ ಅಡ್ಡಿಯಿಲ್ಲ."

"ಇಂಗ್ಲಿಷಿನಲ್ಲಿ ಹೇಳಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲವಲ್ಲ."

"ಹೌದು," ಎಂದರು ಅವರು, ನಾನು ಕೊನೆಗೂ ವಿಷಯದ ಹತ್ತಿರ ಬಂದೆ ಎಂಬಂತೆ.

ಕೆಲವು ವಾರ ಕೇಂದ್ರಕ್ಕೆ ಹೋಗುವಂತಿಲ್ಲ, ಲೀಡ್ಸಿನಲ್ಲಿ ನಡೆಯುವ ಮರುತರಬೇತಿಗೆ ಹೋಗಬೇಕು ಎಂದು ತೀರ್ಮಾನವಾಯಿತು. ಹೋದೆ. ಹೋಟೆಲೊಂದರ ಸಭಾಂಗಣ, ಜಗ್ಗಿನಲ್ಲಿ ಕಾಫಿ. ತರಬೇತುದಾರ ತಾನೇ ಬಂಧಿತನಂತೆ ನಟಿಸುತ್ತ ನಮ್ಮೆದುರು ಬಂದು ಸಹಾಯ ಕೇಳುವುದು, ನಾವು ಸಹಾಯ ಮಾಡದೆ ಇರುವುದು, ಇದೇ ಅಭ್ಯಾಸ. ಆತ ಬಹಳ ಚೆನ್ನಾಗಿ ಅಳುತ್ತಿದ್ದ. ನನ್ನ ಸರದಿ ಬಂದಾಗ ಕಾರು ಎಲ್ಲಿ ನಿಲ್ಲಿಸಿದೆ, ಪಾರ್ಕಿಂಗಿನ ಟಿಕೆಟ್ಟು ಎಲ್ಲಿಟ್ಟೆ ಎಂಬ ಯೋಚನೆಯಲ್ಲಿ ಅವನ ಮುಖವನ್ನೇ ಸುಮ್ಮನೆ ನೋಡುತ್ತ ಕೂತುಬಿಟ್ಟೆ. ನಿಷ್ಪಕ್ಷಪಾತಕ್ಕೆ ಇದು ಮಾದರಿ ಎಂದು ಆತ ಉಳಿದವರಿಗೆ ತೋರಿಸಿದ.

ಊಟದ ಹೊತ್ತಿನಲ್ಲಿ ಯುರೋಪಿನ ಇನ್ನೊಂದು ದೇಶದಿಂದ ಅತಿಥಿಯಾಗಿ ಬಂದಿದ್ದ ನಿರೀಕ್ಷಕಿಯೊಬ್ಬಳು ನನ್ನ ಪಕ್ಕ ಕೂತಳು. ಅವರಲ್ಲಿ ಬಂಧಿತರಿಗೆ ಕಾಗದದ ಚಪ್ಪಲಿ ಕೊಡುತ್ತಾರಂತೆ. ಪಾದರಕ್ಷೆ ಕೊಡಬೇಕೆಂದು ನಿಯಮವಿದೆ, ಕಾಗದದ್ದು ಪಾದರಕ್ಷೆಯೇ ಎಂಬ ಪ್ರಶ್ನೆಯನ್ನು ಒಂದು ಸಮಿತಿ ವರ್ಷದಿಂದ ಪರಿಶೀಲಿಸುತ್ತಿದೆ ಎಂದಳು. "ನಡುವೆ ಚಳಿಗಾಲ ಬಂದು ಹೋಯಿತು," ಎಂದಳು. ನಾನು ನಮ್ಮ ಕಿಟಕಿಯ ಕಥೆ ಹೇಳಿದೆ. ಇಬ್ಬರೂ ನಗಲು ಶುರುಮಾಡಿ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ನಕ್ಕೆವು. ಆಮೇಲೆ ಇಬ್ಬರಿಗೂ ತಟ್ಟೆ ಮುಟ್ಟಲು ಮನಸ್ಸಾಗಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅಲ್ಲಿಯವರೆಗೂ ಗುಟ್ಟು ಕಾಪಾಡುವ ನಿಯಮಕ್ಕೆ ಹೆದರಿ ಏನೂ ಹೇಳಿರಲಿಲ್ಲ. ಆದರೆ ಅವಳಿಗೆ ಎಲ್ಲವೂ ಮೊದಲೇ ಗೊತ್ತಿತ್ತು. ಬರ್ಮಿಂಗ್‌ಹ್ಯಾಮಿನ ಡಾಕ್ಟರ ಹೆಂಡತಿ ಇವಳ ವಾಟ್ಸಾಪ್ ಗುಂಪಿನಲ್ಲೇ ಇದ್ದಳು, ವಾರಗಟ್ಟಲೆಯಿಂದ ಅಲ್ಲಿ ಡೊಳ್ಳಿನವರದೇ ಮಾತು.

"ನೀವು ನಿಯಮ ಹಿಡಕೊಂಡು ಕೂಡ್ರಿ," ಎಂದಳು. "ನಾ ಯಾವ ಮಂಡಳಿಯಾಗೂ ಇಲ್ಲ. ನಾ ಫೋನ್ ಮಾಡ್ತೀನಿ."

ಅವಳು ಫೋನು ಹಿಡಿದ ಹೊತ್ತಿಗೆ ಇಲಾಖೆಯವರು ಒಂದು ನಿರ್ಧಾರಕ್ಕೆ ಬಂದಿದ್ದರು. ಸದ್ಯಕ್ಕೆ ಈ ವ್ಯಕ್ತಿಯನ್ನು ಊರಿಗೆ ಕಳಿಸುವ ಸಾಧ್ಯತೆ ಕಾಣುತ್ತಿಲ್ಲ, ಆದ್ದರಿಂದ ಬಿಡುಗಡೆ ಮಾಡುವುದು. ಷರತ್ತು ಎರಡು. ಡಾಕ್ಟರ ಮನೆಯಲ್ಲೇ ಇರಬೇಕು. ಹದಿನೈದು ದಿನಕ್ಕೊಮ್ಮೆ ಕಚೇರಿಗೆ ಹೋಗಿ ಸಹಿ ಹಾಕಬೇಕು, ದೇಶದಲ್ಲೇ ಇದ್ದೇನೆ ಎಂ​ದು ತೋರಿಸಲು.

ಡಾಕ್ಟರು ಕರೆದೊಯ್ಯಲು ಬಂದಾಗ ಇವರು ಗೇಟಿನ ಹೊರಗೆ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದರಂತೆ. ಮತ್ತೆ ಒಳಗೆ ಬಿಡಿ ಎಂದು ಕಾವಲಿನವನನ್ನು ಸನ್ನೆಯಲ್ಲಿ ಕೇಳುತ್ತಿದ್ದರಂತೆ. "ಊರಿಗೆ ಕಳಸ್ತೀವಿ ಅಂತ ಒಳಗ ಹಾಕ್ಯಾರ, ಈಗ ಕಳಸಲಾರದ ಹೊರಗ ಹಾಕಿದ್ರ ಹೆಂಗ್ರೀ? ಇಷ್ಟ್ ದಿನ ಕುಂತದ್ದು ಹಾಳಾತಲ್ಲ," ಎಂದು ಡಾಕ್ಟರನ್ನೇ ಕೇಳಿದರು. ಕಾವಲಿನವನು, ಜನ ಒಳಗಿನಿಂದ ಹೊರಗೆ ಓಡಲು ನೋಡುವುದನ್ನು ಕಂಡವನೇ ಹೊರತು ಇದಕ್ಕೆ ತರಬೇತಿ ಪಡೆದವನಲ್ಲ, ಗಾಬರಿಯಾಗಿ ಗೇಟಿನ ಇನ್ನೊಂದು ಬೀಗವನ್ನೂ ಹಾಕಿದ.

ನನ್ನ ಹೆಂಡತಿ ರೈಲು ಹಿಡಿದು ಬರ್ಮಿಂಗ್‌ಹ್ಯಾಮಿಗೆ ಹೋದಳು. ಆ ಪ್ರದೇಶದ ಎಂಪಿ ಶುಕ್ರವಾರ ಜನರನ್ನು ಭೇಟಿಯಾಗುವ ಹಾಲಿನಲ್ಲಿ, ಕಸದ ತೊಟ್ಟಿಯ ದೂರು ತಂದವರ ಹಿಂದೆ ಸಾಲಿನಲ್ಲಿ ನಿಂತಳು. ಜಿಪಿಯಾಗಿ ಅಷ್ಟು ವರ್ಷ ಪ್ರತಿ ರೋಗಿಗೆ ಹತ್ತೇ ನಿಮಿಷ ಕೊಟ್ಟು ಅಭ್ಯಾಸವಿದ್ದವಳು, ವಿಷಯವನ್ನು ಐದು ನಿಮಿಷದಲ್ಲಿ ಮುಗಿಸಿದಳು. ಎಂಪಿ ಎರಡು ಸಲ, "ಕೆನಡಾ ಎಲ್ಲಿಂದ ಬಂತು?" ಎಂದು ಕೇಳಿದರಂತೆ.

ಅವರ ಕಚೇರಿಯಿಂದ ಪ್ರಶ್ನೆ ಹೋದ ವಾರದಲ್ಲೇ ಪಾಸ್‌ಪೋರ್ಟ್ ಸಿಕ್ಕಿತು. ಡೊಳ್ಳಿನವರು ಬುತ್ತಿ ಕಟ್ಟಿಕೊಂಡು ಸಹಿ ಹಾಕಲು ಹೋಗುತ್ತಿದ್ದ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಇತ್ತು. ಮೂರು ಸಲ ಅವರು ಅದರ ಕೆಳಗೇ ಕೂತು, ಪಾಸ್‌ಪೋರ್ಟ್ ಸಿಕ್ಕಿಲ್ಲ ಎಂದು ಕೇಳಿಸಿಕೊಂಡು, ಸಹಿ ಹಾಕಿ ಬಂದಿದ್ದರು.

ಅವರು ಹೊರಟ ದಿನ ನಾನು ಹೋಗುವಂತಿರಲಿಲ್ಲ. ನನ್ನ ತರಬೇತಿಯ ಫಲಿತಾಂಶ ಬಂದು ಬೀಗದ ಕೈ ಮರಳಿ ಸಿಕ್ಕಿತ್ತು, ಹೀಗಾಗಿ ನಿವಾಸಿಗಳನ್ನು ಹೊರಗೆ ಭೇಟಿಯಾಗಬಾರದೆಂಬ ನಿಯಮವೂ ಮರಳಿತ್ತು. ಹೆಂಡತಿ ಹೋಗಿ ಬಂದಳು. ವಿಮಾನ ನಿಲ್ದಾಣದಲ್ಲಿ ಡೊಳ್ಳಿನವರು ಅವಳ ಕಾಲು ಮುಟ್ಟಲು ಬಗ್ಗಿದಾಗ ಆಪರೇಷನ್ನಿನ ಗಾಯ ಜಗ್ಗೀತು ಎಂದು ಡಾಕ್ಟರಂತೆ ಗದರಿದಳಂತೆ. ಒಳಗೆ ಹೋಗುವಾಗ ಅವರು ಮೂರು ಸಲ ತಿರುಗಿ ನೋಡಿದರು ಎಂದಳು. "ಮತ್ತ ಕರೀತಾರೇನೋ ಅಂತ ಹೆದರಿದ್ರು ಕಾಣಸ್ತದ," ಎಂದಳು.

ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ನಾನು ಉಪ್ಪಿಟ್ಟು ತಿನ್ನುತ್ತಿದ್ದಾಗ, ಹೆಂಡತಿಯ ಫೋನಿಗೆ ಅವರ ಕರೆ ಬಂತು. ಅವಳು ಫೋನನ್ನು ನನ್ನ ಕೈಗೆ ತುರುಕಿ ಅಡುಗೆಮನೆಗೆ ಹೋದಳು. ಅವರು ಮೊದಲು ಮಳೆಯ ಸುದ್ದಿ, ಆಮೇಲೆ ತಮ್ಮ ಮಗಳಿಗೆ ನಡೆಯುತ್ತಿರುವ ಮದುವೆ ಮಾತುಕತೆಯ ಸುದ್ದಿ ಹೇಳಿ, ನನ್ನ ಮಂಡಿನೋವು ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿದರು.

"ಅಣ್ಣಾರ, ಒಂದು ಮಾತು. ಊರಾಗ ಎಲ್ಲಾರೂ ಕೇಳ್ತಾರ, ಇಷ್ಟ್ ದಿನ ಎಲ್ಲಿದ್ದಿ, ಏನ್ ಮಾಡ್ತಿದ್ದಿ ಅಂತ. ಸರಕಾರಿ ಬಂಗಲೇದಾಗ ಇಟ್ಟಿದ್ರು, ಹೊತ್ತ್ ಹೊತ್ತಿಗೆ ಊಟ, ಬಾಗಲದಾಗ ಕಾವಲಗಾರ್ರು ಇದ್ರು ಅಂತ ಹೇಳೀನಿ. ಸುಳ್ಳೇನಲ್ಲ. ಬೀಗರು ಯಾರರ ನಿಮಗ ಫೋನ್ ಹಚ್ಚಿದ್ರ ನೀವೂ ಹಂಗ ಹೇಳ್ರಿ."

ನಾನು ಆಗಲಿ ಎಂದೆ. ಅವರು ನೆಮ್ಮದಿಯಿಂದ ನಕ್ಕರು. ಮನೆಯವರು ಕರೆಯುತ್ತಿದ್ದಾರೆ ಎಂದು ಫೋನಿಟ್ಟರು. ಬೀಗರಿಂದ ಇದುವರೆಗೂ ಕರೆ ಬಂದಿಲ್ಲ. ಬಂದರೆ ಏನು ಹೇಳಬೇಕೆಂದು ನಾನೂ ಹೆಂಡತಿಯೂ ಮಾತಾಡಿ ಇಟ್ಟುಕೊಂಡಿದ್ದೇವೆ. ಬಂಗಲೆ ದೊಡ್ಡದಿತ್ತು, ಎನ್ನುತ್ತೇವೆ.